ಒಂದು ಗೇಣಿನ ಅಂತರ

ಸ್ಯಾನ್ ಫ್ರಾನ್ಸಿಸ್ಕೊ ನಗರದ ನಡುವಣ ಗುಡ್ಡವೊಂದರ ಮೇಲೆ ಮೂರು ಕಾಲುಗಳನ್ನೂರಿ ನಿಂತಿರುವ, 298 ಮೀಟರ್ ಎತ್ತರದ ಸುಟ್ರೊ ಗೋಪುರವೆಂಬ ಉಕ್ಕಿನ ಕಟ್ಟಡವು 1973ರಿಂದೀಚೆಗೆ ಸುತ್ತಣ ಕೊಲ್ಲಿ ಪ್ರದೇಶದ ಮೇಲೆಲ್ಲ ಟೆಲಿವಿಷನ್ ತರಂಗಗಳನ್ನು ಹರಡುತ್ತಲೇ ಇದೆ. ಈ ತರಂಗಗಳು ಯಾರ ಬಾಗಿಲಲ್ಲಿಯೂ ನಿಂತು ಚಂದಾ ಕೇಳುವುದಿಲ್ಲ. ಜಾಹೀರಾತುದಾರರ ಹಣದಿಂದಲೋ, ಕೆ.ಕ್ಯೂ.ಇ.ಡಿ.ಯಂಥ ಸಾರ್ವಜನಿಕ ಕೇಂದ್ರಗಳ ವಿಷಯದಲ್ಲಿ ವೀಕ್ಷಕರ ವಂತಿಗೆಯಿಂದಲೋ ಅವುಗಳ ವೆಚ್ಚಕ್ಕೆ ದಾರಿಯಾಗಿರುತ್ತದೆ. ಫ್ರೀಮಾಂಟ್, ಸನಿವೇಲ್, ಸ್ಯಾನ್ ಹೊಸೆಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳ ಗೋಡೆಗಳನ್ನೂ ಅವು ಅನುಕ್ಷಣವೂ ತಾಕುತ್ತಿರುತ್ತವೆ. ಆದರೆ ತಿಂಗಳು ತಿಂಗಳೂ ಕೇಬಲ್ಲಿಗೆ ಹಣ ತೆರುತ್ತ ಬಂದ ಎಷ್ಟೋ ಮಂದಿಗೆ, ಅದೇ ವಾರ್ತೆ, ಅದೇ ಕ್ರೀಡೆ, ಅದೇ ಹವಾಮಾನದ ವರದಿ ತಮ್ಮ ಕಿಟಕಿಯ ಹೊರಗೆ ಬಿಟ್ಟಿಯಾಗಿ ಸುಳಿದಾಡುತ್ತಿದೆಯೆಂಬ ಸಂಗತಿ ತಿಳಿದಿರುವುದಿಲ್ಲ. ತಿಳಿದವರು ಅಂಗಡಿಗೆ ಹೋಗಿ ಕೋಣೆಯೊಳಗಿಡುವ ಆಂಟೆನಾ ಒಂದನ್ನು ಕೊಂಡು ತರುತ್ತಾರೆ. ಅವರ ಕಷ್ಟ ಮೊದಲಾಗುವುದು ಅಲ್ಲಿಂದಲೇ.

ಆಂಟೆನಾದ ಡಬ್ಬಿಯ ಮೇಲೆ ಅಚ್ಚಾಗಿರುವ ಮಾತುಗಳನ್ನು ಓದಿದರೆ ಯಾರಿಗಾದರೂ ಭಕ್ತಿ ಹುಟ್ಟಬೇಕು. ಇದು ಡಿಜಿಟಲ್ ಆಂಟೆನಾ, ಇದು ಎಚ್.ಡಿ.ಗೆಂದೇ ಮಾಡಿದ್ದು, ಇದು 200 ಮೈಲಿ ದೂರದ ಕೇಂದ್ರವನ್ನೂ ಎಳೆದು ತರುತ್ತದೆ! ಆದರೆ ಆಂಟೆನಾ ಎಂಬುದು ಕೇವಲ ಲೋಹದ ಒಂದು ತುಂಡು. ತನ್ನನ್ನು ಸೋಕಿದ ತರಂಗಕ್ಕೆ ಅನುಗುಣವಾಗಿ ಅದರೊಳಗಣ ಎಲೆಕ್ಟ್ರಾನುಗಳು ಅತ್ತಿತ್ತ ಓಲಾಡುವುವೇ ಹೊರತು, ಆ ತರಂಗದ ಬೆನ್ನೇರಿ ಬಂದ ಸಂದೇಶವು ಡಿಜಿಟಲ್ಲೋ ಅಲ್ಲವೋ ಎಂಬುದನ್ನು ಅದು ಅರಿಯಲಾರದು. ನಲವತ್ತು ವರ್ಷದ ಹಿಂದೆ ಅಜ್ಜಂದಿರ ಕಾಲದ ಪೆಟ್ಟಿಗೆಯ ಮೇಲೆ ನಿಂತಿದ್ದ ಎರಡು ಕಡ್ಡಿಗಳನ್ನು ಇಂದಿನ ಚಪ್ಪಟೆ ಟಿ.ವಿ.ಗೆ ಜೋಡಿಸಿದರೆ ಅವು ಎಚ್.ಡಿ. ಚಿತ್ರವನ್ನು ಯಾವ ತಕರಾರೂ ಇಲ್ಲದೆ ತಂದುಕೊಡುತ್ತವೆ. 200 ಮೈಲಿಯ ಮಾತಂತೂ ಭೂಮಿ ದುಂಡಗಿದೆಯೆಂಬುದನ್ನೇ ಮರೆತವರ ಮಾತು. ಈ ಜಾತಿಯ ತರಂಗಗಳು ಹೆಚ್ಚುಕಡಮೆ ನೇರವಾಗಿ ಸಾಗತಕ್ಕವು. ವಾಯುಮಂಡಲವು ಅವನ್ನು ನೆಲದ ಕಡೆಗೆ ತುಸುವೇ ಬಾಗಿಸುವುದನ್ನು ಲೆಕ್ಕಕ್ಕೆ ತೆಗೆದುಕೊಂಡರೂ, ಸಮುದ್ರ ಮಟ್ಟದಿಂದ ಸುಮಾರು 550 ಮೀಟರ್ ಎತ್ತರದಲ್ಲಿರುವ ಸುಟ್ರೊ ಗೋಪುರದ ತುದಿಗೆ ಕಾಣುವ ದಿಗಂತವು 97 ಕಿಲೋಮೀಟರಿನ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ಉತ್ತರ ಡಕೋಟದ ಬಯಲಿನಲ್ಲಿ 1963ರಲ್ಲಿ ನಿಲ್ಲಿಸಿದ, 628 ಮೀಟರ್ ಎತ್ತರದ ಪ್ರಸಿದ್ಧ ಟೆಲಿವಿಷನ್ ಕಂಬಕ್ಕೂ ದಿಗಂತವು 103 ಕಿಲೋಮೀಟರಿನಾಚೆ ಇರಲಿಲ್ಲ. ಅಪರೂಪಕ್ಕೊಮ್ಮೆ, ಬೇಸಗೆಯ ಕಡಲತೀರದಲ್ಲಿ ತಂಪು ಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕವಿದಾಗ, ತರಂಗಗಳು ಆ ಎರಡು ಪದರಗಳ ನಡುವೆ ಸಿಕ್ಕಿ ಬಹುದೂರ ಹರಿಯುವುದುಂಟು. ಅದನ್ನು ನಂಬಿ ವ್ಯಾಪಾರ ಮಾಡುವುದು ಧರ್ಮವಲ್ಲ.

ಹಾಗಾದರೆ ಆಂಟೆನಾದಲ್ಲಿ ಮುಖ್ಯವಾದುದು ಯಾವುದು? ಮೊದಲನೆಯದು ಅದರ ಉದ್ದ. ತರಂಗದ ಒಂದು ಶಿಖರದಿಂದ ಮುಂದಿನ ಶಿಖರಕ್ಕಿರುವ ದೂರವನ್ನು ತರಂಗಾಂತರವೆನ್ನುವುದಾದರೆ, ಅದರ ಸುಮಾರು ಅರ್ಧದಷ್ಟು ಉದ್ದದ, ನಡುವೆ ಸೀಳಿ ತಂತಿ ಜೋಡಿಸಿದ ಕಡ್ಡಿಯು ಆ ತರಂಗಕ್ಕೆ ಅತ್ಯಂತ ಸಹಜವಾಗಿ ಸ್ಪಂದಿಸುತ್ತದೆ. ಅಮೆರಿಕದಲ್ಲಿ ಇಂದು ಟೆಲಿವಿಷನ್ನಿಗೆ ಉಳಿದಿರುವ ಯು.ಎಚ್.ಎಫ್. ಪಟ್ಟಿಯು 470ರಿಂದ 608 ಮೆಗಾಹರ್ಟ್ಸ್‌ವರೆಗೆ ವ್ಯಾಪಿಸಿದೆ. ಇದರ ಮೇಲಣ ಭಾಗವನ್ನು ಸರಕಾರವು ಹರಾಜಿನಲ್ಲಿ ಮೊಬೈಲ್ ಕಂಪನಿಗಳಿಗೆ ಕೊಟ್ಟು, 2020ರ ಹೊತ್ತಿಗೆ ಕೇಂದ್ರಗಳನ್ನೆಲ್ಲ ಕೆಳಕ್ಕೆ ಸರಿಸಿ ಕೂರಿಸಿತು. ಈ ಪಟ್ಟಿಯ ಅರ್ಧ ತರಂಗಾಂತರವೆಂದರೆ 25ರಿಂದ 32 ಸೆಂಟಿಮೀಟರ್, ನಮ್ಮ ಲೆಕ್ಕದಲ್ಲಿ ಒಂದು ಗೇಣು, ಹೆಚ್ಚೆಂದರೆ ಅದರ ಮೇಲೆ ನಾಲ್ಕು ಬೆರಳು. ಆದಕಾರಣವೇ ಇಂದಿನ ಅಂಗಡಿಯ ಆಂಟೆನಾಗಳು ಪತ್ರಿಕೆಯ ಒಂದು ಹಾಳೆಯಷ್ಟು ಅಗಲಕ್ಕೆ ಇಳಿದು, ಗಾಜಿಗೆ ಅಂಟಿಸುವಷ್ಟು ತೆಳ್ಳಗಾಗಿವೆ. ಆದರೆ ಕೆಲವು ಕೇಂದ್ರಗಳು ಇನ್ನೂ ಇದಕ್ಕಿಂತ ಕೆಳಗಣ ವಿ.ಎಚ್.ಎಫ್. ಪಟ್ಟಿಯ 7ರಿಂದ 13ರವರೆಗಿನ ಸ್ಥಾನಗಳಲ್ಲಿ, ಎಂದರೆ ಚಾನೆಲ್ಲುಗಳಲ್ಲಿ, ಇವೆ. ಅವಕ್ಕೆ 70ರಿಂದ 86 ಸೆಂಟಿಮೀಟರ್ ಉದ್ದದ ಲೋಹ ಬೇಕು. ಇನ್ನೂ ಕೆಳಗಣ 2ನೆಯ ಸ್ಥಾನಕ್ಕಾದರೋ ಎರಡೂವರೆ ಮೀಟರಿಗೂ ಮೀರಿದ ಉದ್ದವೇ ಬೇಕು. ಅಷ್ಟನ್ನು ಕೋಣೆಯೊಳಗೆ ಚಾಚಿದರೆ ಮನೆಯವರು ಬಗ್ಗಿ ಓಡಾಡಬೇಕಾದೀತು.

ಇಲ್ಲಿ ಒಂದು ಮೋಸವಿದೆ, ಯಾರೂ ಬೇಕೆಂದು ಮಾಡಿದ್ದಲ್ಲ. ಟಿ.ವಿ.ಯ ಪರದೆಯ ಮೇಲೆ ಕಾಣುವ ಸಂಖ್ಯೆಗೂ ಆ ಕೇಂದ್ರವು ನಿಜವಾಗಿ ಪ್ರಸಾರ ಮಾಡುವ ಸ್ಥಾನಕ್ಕೂ ಇಂದು ಸಂಬಂಧವಿರಬೇಕೆಂದಿಲ್ಲ. ಕೊಲ್ಲಿ ಪ್ರದೇಶದ ಕೆ.ಟಿ.ವಿ.ಯು. ಕೇಂದ್ರವು ಹಳೆಯ ಹೆಸರನ್ನು ಕಳೆದುಕೊಳ್ಳಲೊಲ್ಲದೆ ತನ್ನನ್ನು 2 ಎಂದೇ ತೋರಿಸಿಕೊಳ್ಳುತ್ತದೆ. ಅದರ ತರಂಗಗಳು ಬರುತ್ತಿರುವುದು ಯು.ಎಚ್.ಎಫ್. ಪಟ್ಟಿಯಲ್ಲಿ. 7 ಎಂದು ತೋರಿಸಿಕೊಳ್ಳುವ ಕೆ.ಜಿ.ಓ. ಆದರೋ ವಿ.ಎಚ್.ಎಫ್.ನಲ್ಲಿಯೇ ಉಳಿದಿದೆ. ಎಲ್ಲ ಕೇಂದ್ರಗಳೂ ಸ್ಫಟಿಕದಂತೆ ಕಾಣುತ್ತಿರುವಾಗ ಈ 7 ಮಾತ್ರ ಆಗಾಗ ಕಣ್ಮರೆಯಾಗುವುದೇಕೆಂದು ಕೊರಗುವವರು, ತಮ್ಮ ಕಿಟಕಿಗಂಟಿದ ಹಾಳೆಯನ್ನೊಮ್ಮೆ ಅಳೆದು ನೋಡಬೇಕು. ಎಳೆದು ಉದ್ದ ಮಾಡಬಹುದಾದ, ಅಮೆರಿಕನ್ನರು ಮೊಲದ ಕಿವಿಯೆಂದು ಕರೆಯುವ ಹಳೆಯ ಜೋಡಿ ಕಡ್ಡಿಗಳು ಈ ಒಂದು ವಿಷಯದಲ್ಲಿ ಹೊಸ ಹಾಳೆಗಿಂತ ಮೇಲು. ಕಿವಿಗಳನ್ನು ಮೇಲಕ್ಕೆ ನಿಗುರಿಸಿ ನಿಲ್ಲಿಸುವುದು ನೋಟಕ್ಕೆ ಚೆಂದವಾದರೂ, ಟೆಲಿವಿಷನ್ ತರಂಗಗಳು ಬಹುಮಟ್ಟಿಗೆ ಅಡ್ಡಡ್ಡವಾಗಿ ಕಂಪಿಸುವುದರಿಂದ, ಅವನ್ನು ಎರಡು ಕಡೆಗೂ ಮಲಗಿಸಿ, ಗೋಪುರಕ್ಕೆ ಅಗಲವನ್ನು ಒಡ್ಡುವಂತೆ ಇಡತಕ್ಕದ್ದು. ಕಡ್ಡಿಯ ತುದಿಯನ್ನೇ ಗೋಪುರದತ್ತ ತಿರುಗಿಸಿದರೆ ಅದು ಕಿವುಡಾಗುತ್ತದೆ.

ಇನ್ನು ತರಂಗದ ಬಲ. ಸುಟ್ರೊ ಗೋಪುರದಿಂದ ಫ್ರೀಮಾಂಟಿಗೆ ನೇರವಾಗಿ ಅಳೆದರೆ 46 ಕಿಲೋಮೀಟರಿಗೆ ತುಸು ಹೆಚ್ಚು. ಅಮೆರಿಕದ ಕಾನೂನು ಯು.ಎಚ್.ಎಫ್. ಕೇಂದ್ರವೊಂದಕ್ಕೆ ಅನುಮತಿಸುವ ಗರಿಷ್ಠ ಬಲ, ಎಂದರೆ ದಿಗಂತದ ಕಡೆಗೆ ಒಟ್ಟುಗೂಡಿಸಿ ಎಸೆದ ಬಲ, 1000 ಕಿಲೋವಾಟ್. ಅಷ್ಟೂ ಬಲದಿಂದ ಹೊರಟ ತರಂಗವು ನಡುವೆ ಯಾವ ಅಡ್ಡಿಯೂ ಇಲ್ಲದೆ ಬಂದಿತೆಂದು ಭಾವಿಸಿ ಲೆಕ್ಕ ಹಾಕಿದರೆ, ಫ್ರೀಮಾಂಟಿನಲ್ಲಿ ಒಡ್ಡಿದ ಗೇಣುದ್ದದ ಕಡ್ಡಿಗೆ ದಕ್ಕುವುದು ಒಂದು ವಾಟಿನ ಹತ್ತು ಲಕ್ಷ ಭಾಗಗಳಲ್ಲಿ ಎರಡು. ಅಯ್ಯೋ ಇಷ್ಟೆಯೆ ಎಂದು ಓದುಗರು ಮರುಗಬೇಕಾಗಿಲ್ಲ. ಚಿತ್ರವನ್ನು ಕಟ್ಟಲು ಟಿ.ವಿ.ಗೆ ಬೇಕಾದ ಕನಿಷ್ಠ ಬಲವು ಒಂದು ವಾಟಿನ ಲಕ್ಷ ಕೋಟಿ ಭಾಗಗಳಲ್ಲಿ ಸುಮಾರು ನಾಲ್ಕು ಮಾತ್ರ! ಬಂದದ್ದು ಬೇಕಾದದ್ದರ ಐದು ಲಕ್ಷ ಪಟ್ಟು. ಇಂಥ ಅಪಾರ ಸಂಪತ್ತಿನೊಡನೆ ಹೊರಟ ತರಂಗವು ಕೋಣೆಯನ್ನು ಹೊಗುವ ಹೊತ್ತಿಗೆ ದಿವಾಳಿಯಾಗುವುದು ಹೇಗೆಂಬುದೇ ಈ ಅಧ್ಯಾಯದ ಮುಖ್ಯ ಪ್ರಶ್ನೆ.

ದಾರಿಯಲ್ಲಿ ಸ್ವಲ್ಪ ಸೋರಿಹೋಗುತ್ತದೆ: ಗುಡ್ಡದ ಅಂಚು, ಎದುರು ಮನೆಯ ಚಾವಣಿ, ತೊಯ್ದ ಎಲೆಗಳ ಮರ. ನೆಲದ ಸಮೀಪದಲ್ಲಿ ಬಲವು ಸಹಜವಾಗಿಯೇ ಕಡಿಮೆ. ಎತ್ತರಕ್ಕೆ ಹೋದಷ್ಟೂ ಲಾಭ. ಆದರೆ ದೊಡ್ಡ ಸುಂಕ ಕಟ್ಟಿಸಿಕೊಳ್ಳುವುದು ಮನೆಯ ಗೋಡೆ. ಒಣಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದು ಕಟ್ಟಿದ ಅಮೆರಿಕದ ಮನೆ ತರಂಗಗಳಿಗೆ ಅಷ್ಟೇನೂ ಅಡ್ಡಿ ಮಾಡದು. ಕ್ಯಾಲಿಫೋರ್ನಿಯಾದಲ್ಲಿ ಆ ಮರದ ಹೊರಮೈಗೆ ಗಾರೆ ಮೆತ್ತುವಾಗ, ಗಾರೆ ಹಿಡಿದು ನಿಲ್ಲಲೆಂದು ಕೋಳಿಗೂಡಿಗೆ ಹಾಕುವಂಥ ತಂತಿಬಲೆಯನ್ನು ಒಳಗೆ ಹೊದಿಸುವ ರೂಢಿಯಿದೆ. ಕಣ್ಣಿಗೆ ಆ ಬಲೆಯಲ್ಲಿ ತೂತುಗಳೇ ಹೆಚ್ಚು. ಅರ್ಧ ಮೀಟರ್ ತರಂಗಾಂತರದ ಅಲೆಗೆ ಆ ಬೆರಳಗಲದ ತೂತುಗಳು ಇಲ್ಲವೇ ಇಲ್ಲ, ಅದು ಹೆಚ್ಚುಕಡಮೆ ತಗಡಿನ ಗೋಡೆ. ಇದೇ ಗುಣವನ್ನು ನಮ್ಮ ನಾಡು ಒಮ್ಮೆ ತನ್ನ ಲಾಭಕ್ಕೆ ಬಳಸಿಕೊಂಡಿತ್ತೆಂಬುದನ್ನು ಇಲ್ಲಿ ನೆನೆಯದಿರುವುದು ಹೇಗೆ? 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಎ.ಟಿ.ಎಸ್.-6 ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟೆಲಿವಿಷನ್ ತಲುಪಿಸಿದ ಸೈಟ್ ಪ್ರಯೋಗದಲ್ಲಿ, ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಊರುಗಳಲ್ಲಿ ಮೂರು ಮೀಟರ್ ಅಗಲದ ಬೋಗುಣಿಗಳನ್ನು ಇದೇ ಕೋಳಿಬಲೆಯಿಂದ ಕಟ್ಟಿದ್ದರು. ಅಲ್ಲಿ ಆಕಾಶದ 860 ಮೆಗಾಹರ್ಟ್ಸ್ ತರಂಗಗಳನ್ನು ಪ್ರತಿಫಲಿಸಿ ಒಂದೆಡೆಗೆ ಕೂಡಿಸಿದ ಬಲೆ, ಇಲ್ಲಿ ಗಾರೆಯೊಳಗೆ ಅಡಗಿಕೊಂಡು ಬಂದ ತರಂಗವನ್ನು ಬೀದಿಗೇ ಹಿಂದಿರುಗಿಸುತ್ತದೆ.

ಗೋಡೆ ಮುಚ್ಚಿದ್ದರೆ ಕಿಟಕಿಯೇ ಗತಿ. ಕಿಟಕಿಯೂ ಎಲ್ಲ ಕಡೆಯೂ ಒಂದೇ ಅಲ್ಲ. ಬಿಸಿಲಿನ ತಾಪ ಒಳಬಾರದಂತೆ ಕಣ್ಣಿಗೆ ಕಾಣದಷ್ಟು ತೆಳುವಾದ ಲೋಹದ ಲೇಪ ಕೊಟ್ಟ ಗಾಜುಗಳು ಈಗ ಹೊಸ ಮನೆಗಳಲ್ಲೆಲ್ಲ ಬಂದಿವೆ. ಬೆಳಕನ್ನು ಧಾರಾಳವಾಗಿ ಬಿಡುವ ಆ ಗಾಜು ರೇಡಿಯೊ ತರಂಗವನ್ನು ನೂರನೆಯ ಒಂದು ಪಾಲಿಗೆ ಇಳಿಸಿಬಿಡಬಲ್ಲದು. ಹಳೆಯ ಸಾದಾ ಗಾಜಿನ ಬಾಡಿಗೆ ಮನೆಯಲ್ಲಿ ಕಾಣುತ್ತಿದ್ದ ಕೇಂದ್ರಗಳು ಸ್ವಂತ ಮನೆ ಕೊಂಡ ಮೇಲೆ ಮಾಯವಾದವೆಂದರೆ ಅಚ್ಚರಿಪಡಬೇಕಾದ್ದಿಲ್ಲ.

ಇಷ್ಟೆಲ್ಲ ದಾಟಿ ಒಳಗೆ ಬಂದ ತರಂಗವಾದರೂ ಕೋಣೆಯಲ್ಲಿ ಸಮನಾಗಿ ಹರಡಿಕೊಳ್ಳುವುದೇ? ಇಲ್ಲ, ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸೋಜಿಗವೆನಿಸುವುದು ಇದೇ. ನಾಲ್ಕು ಕಡೆಯೂ ಮೆಟ್ಟಿಲುಗಳಿರುವ ಕಲ್ಯಾಣಿಯ ನೀರಿನಲ್ಲಿ ಎದ್ದ ಅಲೆಯು ಕಲ್ಲಿಗೆ ತಾಗಿ ಹಿಂದಿರುಗಿ, ಎದುರು ಬರುವ ಅಲೆಗಳೊಡನೆ ಸೇರಿ, ಒಂದೆಡೆ ನೀರು ಎರಡರಷ್ಟು ಕುಣಿಯುವಂತೆಯೂ ಅಲ್ಲೇ ಪಕ್ಕದಲ್ಲಿ ಅಲುಗದೆ ನಿಲ್ಲುವಂತೆಯೂ ಮಾಡುವುದನ್ನು ನೋಡಿದವರು ಕೋಣೆಯೊಳಗಣ ಸ್ಥಿತಿಯನ್ನು ಊಹಿಸಿಕೊಳ್ಳಬಲ್ಲರು. ಫ್ರಿಜ್, ಕಬ್ಬಿಣದ ಬೀರು, ಗೋಡೆಯೊಳಗಣ ವಿದ್ಯುತ್ ತಂತಿ, ನೀರಿನ ಕೊಳವೆ ಎಲ್ಲವೂ ತರಂಗವನ್ನು ಪ್ರತಿಫಲಿಸುತ್ತವೆ. ಹೋಗುವ ಅಲೆಯೂ ಮರಳುವ ಅಲೆಯೂ ಕೂಡಿದ ಜಾಗದಲ್ಲಿ ಬಲ ಹೆಚ್ಚುತ್ತದೆ. ಒಂದನ್ನೊಂದು ಅಳಿಸಿದ ಜಾಗದಲ್ಲಿ ಬರಿದಾಗುತ್ತದೆ. 600 ಮೆಗಾಹರ್ಟ್ಸ್ ತರಂಗಕ್ಕೆ ಬಲದ ಒಂದು ತಾಣದಿಂದ ಇನ್ನೊಂದಕ್ಕೆ 25 ಸೆಂಟಿಮೀಟರ್, ಬಲದಿಂದ ಬರಿದಿಗೆ ಅದರರ್ಧ. ಎಂದ ಮೇಲೆ, ನಮ್ಮ ಕಣ್ಣಿಗೆ ಏಕರೂಪವಾಗಿ ತೋರುವ ಕೋಣೆಯಲ್ಲಿ ಗೇಣು ಗೇಣಿಗೂ ಕಾಣದ ಉಬ್ಬುತಗ್ಗುಗಳಿವೆ. ಒಂದು ಕೇಂದ್ರದ ಉಬ್ಬು ಇನ್ನೊಂದರ ತಗ್ಗಾಗಿರಲೂಬಹುದು.

ಇದನ್ನು ಮೊತ್ತಮೊದಲು ಕೋಣೆಯೊಳಗೇ ಅಳೆದು ನೋಡಿದವನು ಹೈನ್ರಿಕ್ ಹರ್ಟ್ಸ್. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ 1888ರಲ್ಲಿ ಅವನು ತನ್ನ ಭೌತಶಾಸ್ತ್ರದ ಉಪನ್ಯಾಸ ಮಂದಿರದ ಗೋಡೆಗೆ ನಾಲ್ಕು ಮೀಟರ್ ಎತ್ತರ, ಎರಡು ಮೀಟರ್ ಅಗಲದ ಸತುವಿನ ತಗಡನ್ನು ಹೊಡೆಸಿ, ಎದುರಿನಿಂದ ವಿದ್ಯುತ್ ಕಿಡಿಯ ಮೂಲಕ ತರಂಗಗಳನ್ನು ಅದರತ್ತ ಕಳುಹಿಸಿದನು. ಬಳಿಕ ತಂತಿಯ ಒಂದು ಬಳೆಯನ್ನು ಕೈಯಲ್ಲಿ ಹಿಡಿದು ಮಂದಿರದುದ್ದಕ್ಕೂ ನಡೆಯುತ್ತ, ಬಳೆಯ ಸಂದಿನಲ್ಲಿ ಹೊಮ್ಮುವ ಸೂಕ್ಷ್ಮ ಕಿಡಿಯು ಎಲ್ಲಿ ಬೆಳೆಯುವುದು, ಎಲ್ಲಿ ಆರುವುದೆಂಬುದನ್ನು ಕತ್ತಲಲ್ಲಿ ಕಣ್ಣಿಟ್ಟು ನೋಡಿದನು. ಕಿಡಿ ಏರಿಳಿದ ತಾಣಗಳ ನಡುವಣ ದೂರವೇ ತರಂಗಾಂತರದ ಅಳತೆಯಾಯಿತು, ವಿದ್ಯುತ್ತಿಗೂ ಅಲೆಗಳುಂಟೆಂಬ ಮ್ಯಾಕ್ಸ್‌ವೆಲ್ಲನ ಗಣಿತಕ್ಕೆ ಪ್ರತ್ಯಕ್ಷ ಪ್ರಮಾಣ ದೊರಕಿತು. ಅವನ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ವಿವರ ಬೇರೊಂದು: ಪ್ರಯೋಗಕ್ಕೆ ಮುನ್ನ ಅವನು ಮಂದಿರದಲ್ಲಿ ಜೋತುಬಿದ್ದಿದ್ದ ಗ್ಯಾಸ್ ಕೊಳವೆಗಳನ್ನೂ ತೂಗುದೀಪಗಳನ್ನೂ ತೆಗೆಸಿಹಾಕಿದ್ದನು. ತೆಗೆಸಲಾಗದ ಕಬ್ಬಿಣದ ಕಂಬಗಳ ಸಾಲು ಮಾತ್ರ ಎರಡು ಪಕ್ಕಗಳಲ್ಲಿಯೂ ಉಳಿದಿತ್ತು. ಕೋಣೆಯ ಸಾಮಾನು ಸರಂಜಾಮುಗಳು ತರಂಗದ ದಾರಿಯನ್ನು ಕೆಡಿಸುವುವೆಂಬುದು ಅವನಿಗೆ ಮೊದಲೇ ಹೊಳೆದಿತ್ತು. ನಾವಾದರೋ ಆಂಟೆನಾವನ್ನು ತಂದು ಟಿ.ವಿ.ಯ ಬೆನ್ನಿಗೆ, ಅದರ ಲೋಹದ ಚೌಕಟ್ಟಿನ ನೆರಳಿನಲ್ಲಿ, ಕಾಣದಂತೆ ಇರಲೆಂದು ತೂಗುಹಾಕುತ್ತೇವೆ.

ಹಳೆಯ ಅನಲಾಗ್ ಪ್ರಸಾರದ ದಿನಗಳಲ್ಲಿ ಈ ತಗ್ಗು ದಿಣ್ಣೆಗಳನ್ನೆಲ್ಲ ಪರದೆಯೇ ಬಿಚ್ಚಿ ತೋರಿಸುತ್ತಿತ್ತು. ಬಲ ಕುಗ್ಗಿದಾಗ ಚಿತ್ರದ ಮೇಲೆ ಗ್ರೇನ್ಸ್ ಕವಿಯುತ್ತಿದ್ದುವು. ಪ್ರತಿಫಲಿತ ತರಂಗವೊಂದು 300 ಮೀಟರ್ ಸುತ್ತುದಾರಿ ಹಿಡಿದು ಬಂದರೆ, ಮೂಲಕ್ಕಿಂತ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ತಡವಾಗಿ ಮುಟ್ಟಿ, ಪರದೆಯ ಅಗಲದ ಐವತ್ತನೆಯ ಒಂದು ಭಾಗದಷ್ಟು ಬಲಕ್ಕೆ ಸರಿದು, ವಾರ್ತೆ ಓದುವವರ ಪಕ್ಕದಲ್ಲಿ ಅವರದೇ ಮಸುಕಾದ ನೆರಳನ್ನು ನಿಲ್ಲಿಸುತ್ತಿತ್ತು. ನಮ್ಮ ಊರುಗಳಲ್ಲಿ ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುತ್ತಿದ್ದ ಅಣ್ಣನು "ಬಂತೇನೋ?" ಎಂದು ಕೂಗಿದರೆ, ಕೆಳಗಿನಿಂದ "ಬಂತು, ಬಂತು... ಹೋಯ್ತು! ಮೊದಲಿನ ಹಾಗೇ ಹಿಡ್ಕೋ" ಎಂಬ ಉತ್ತರ ಹೋಗುತ್ತಿದ್ದ ಕಾಲವನ್ನು ಕಂಡವರು ಇನ್ನೂ ಬಹಳ ಮಂದಿ ಇದ್ದಾರೆ. ಕೈಯಲ್ಲಿ ಹಿಡಿದಾಗ ಬರುವ ಚಿತ್ರವು ಬಿಟ್ಟೊಡನೆ ಹೋಗುವುದು ಭ್ರಮೆಯಲ್ಲ. ಉಪ್ಪುನೀರಿನಿಂದ ತುಂಬಿದ ಮಾನವ ಶರೀರವೂ ವಿದ್ಯುದ್ವಾಹಕವೇ, ಆಳುದ್ದವೆಂಬುದು ವಿ.ಎಚ್.ಎಫ್.ನ ಕೆಳಗಣ ಸ್ಥಾನಗಳ ಅರ್ಧ ತರಂಗಾಂತರಕ್ಕೆ ತೀರ ದೂರದ್ದೂ ಅಲ್ಲ. ಅಣ್ಣನೇ ಆಂಟೆನಾದ ಒಂದು ಅಂಗವಾಗಿ ನಿಂತಿರುತ್ತಿದ್ದನು.

ಅಮೆರಿಕದ ಪೂರ್ಣಬಲದ ಕೇಂದ್ರಗಳು 2009ರ ಜೂನ್ 12ರಂದು ಅನಲಾಗನ್ನು ನಿಲ್ಲಿಸಿದುವು. ಅಂದಿನಿಂದ ಪರದೆಯು ಮೌನಿಯಾಗಿದೆ. ಡಿಜಿಟಲ್ ಗ್ರಾಹಕವು ತಪ್ಪಿಹೋದ ಅಂಕಿಗಳನ್ನು ಗಣಿತದಿಂದ ತಾನೇ ತಿದ್ದಿಕೊಳ್ಳುತ್ತದೆ. ಸಂಕೇತವು ಹಿನ್ನೆಲೆಯ ವಿದ್ಯುತ್ ಗದ್ದಲಕ್ಕಿಂತ ಸುಮಾರು 30 ಪಟ್ಟು ಮೇಲಿರುವ ತನಕ ಚಿತ್ರ ನಿಷ್ಕಳಂಕ. ಅದರಿಂದ ಕಾಲುಭಾಗ ಕೆಳಗಿಳಿದರೆ ಚಿತ್ರ ಚೌಕ ಚೌಕವಾಗಿ ಒಡೆದು, ಧ್ವನಿ ಕತ್ತರಿಸಿ, ಏನೂ ಉಳಿಯದು. ಗ್ರೇನ್ಸ್ ನೋಡಿ ಅತ್ತಿತ್ತ ಸರಿಸುತ್ತಿದ್ದವನಿಗೆ ದಾರಿ ತೋರುವ ಮಬ್ಬು ಚಿತ್ರ ಈಗ ಇಲ್ಲವಾದುದರಿಂದ, ಟಿ.ವಿ.ಯ ಮೆನುವಿನೊಳಗೆ ಎಲ್ಲೋ ಹುದುಗಿರುವ ಸಿಗ್ನಲ್ ಮಾಪಕವನ್ನು ಹುಡುಕಿ ತೆಗೆಯುವುದೇ ಸರಿಯಾದ ಕ್ರಮ.

ಅದನ್ನು ತೆರೆದಿಟ್ಟು, ಫ್ರೀಮಾಂಟಿನ ಎರಡನೆಯ ಮಹಡಿಯ ಮನೆಯೊಂದರಲ್ಲಿ ಆಂಟೆನಾ ಕೂರಿಸುವುದನ್ನು ನೋಡಿರಿ. ಗೋಪುರವಿರುವುದು ಪಶ್ಚಿಮಕ್ಕೆ, ತುಸು ಉತ್ತರಕ್ಕೆ ಸರಿದು. ಆ ಕಡೆಯ ಕಿಟಕಿಯ ಎಡಮೂಲೆಯಲ್ಲಿ ಹಾಳೆಯನ್ನು ಗಾಜಿಗೊತ್ತಿ ಹಿಡಿದಾಗ ಮಾಪಕದ ಪಟ್ಟಿ ಕೆಂಪಿನಲ್ಲೇ ತೆವಳುತ್ತದೆ. ಅಂಗೈ ಅಗಲದಷ್ಟು ಬಲಕ್ಕೆ ಜರುಗಿಸಿದರೆ ಹಸಿರಿಗೆ ನೆಗೆಯುತ್ತದೆ. ಇನ್ನೊಂದು ಅಂಗೈ ಜರುಗಿಸಿದರೆ ಮತ್ತೆ ಕುಸಿಯುತ್ತದೆ. ಹಿಡಿದವರು ಕೈಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನೋಡಬೇಕು, ಏಕೆಂದರೆ ಶರೀರದ ಪಾಲು ಲೆಕ್ಕಕ್ಕೆ ಬರಬಾರದು. ಕಿಟಕಿಯ ಅಲ್ಯೂಮಿನಿಯಮ್ ಸೊಳ್ಳೆಪರದೆಯನ್ನು ಕಳಚಿದರೆ ಪಟ್ಟಿ ಇನ್ನಷ್ಟು ಏರುವುದೂ ಉಂಟು. ಒಂದು ಕೇಂದ್ರ ಗಟ್ಟಿಯಾದ ಮೇಲೆ ಉಳಿದವನ್ನು ಒಂದೊಂದಾಗಿ ಪರೀಕ್ಷಿಸಿ, ಯಾವುದಕ್ಕೂ ಅತ್ಯುತ್ತಮವಲ್ಲದಿದ್ದರೂ ಎಲ್ಲಕ್ಕೂ ಸಾಕಾಗುವ ತಾಣವನ್ನು ಅಂಟುಪಟ್ಟಿಯಿಂದ ಗುರುತು ಮಾಡುವುದು ಜಾಣತನ. ಇಷ್ಟು ತಾಳ್ಮೆಗೆ ಒಂದು ಮಧ್ಯಾಹ್ನ ಸಾಕು. ಹತ್ತು ಡಾಲರಿನ ಕಡ್ಡಿಯು ಎಂಬತ್ತು ಡಾಲರಿನ ಹಾಳೆಯನ್ನು ಸೋಲಿಸುವುದು ಇಂಥ ಮಧ್ಯಾಹ್ನಗಳಲ್ಲಿಯೇ.

ತಾಳ್ಮೆಯಿಲ್ಲದವರು ಆಂಪ್ಲಿಫೈಯರಿನ ಮೊರೆಹೋಗುತ್ತಾರೆ. ಆ ಪುಟ್ಟ ಡಬ್ಬಿಯು ಸಂಕೇತದೊಡನೆ ಗದ್ದಲವನ್ನೂ ಅಷ್ಟೇ ನಿಷ್ಠೆಯಿಂದ ಹಿಗ್ಗಿಸಿ, ತನ್ನದೊಂದಿಷ್ಟನ್ನು ಅದಕ್ಕೆ ಸೇರಿಸುತ್ತದೆ. ಆಂಟೆನಾದಿಂದ ಟಿ.ವಿ.ಗೆ ಉದ್ದದ ಕೇಬಲ್ ಎಳೆದು ಅಲ್ಲಿ ಆಗುವ ನಷ್ಟವನ್ನು ತುಂಬಿಕೊಡಲು ಅದು ಉಪಯುಕ್ತ, ಆಂಟೆನಾಗೇ ದಕ್ಕದಿದ್ದುದನ್ನು ಸೃಷ್ಟಿಸಲು ಅಲ್ಲ. ಗೋಪುರದ ಬುಡದಲ್ಲೇ ಮನೆಯಿದ್ದವರಿಗೆ, ಅಥವಾ ಪಕ್ಕದಲ್ಲಿ ಮೊಬೈಲ್ ಕಂಬವಿದ್ದವರಿಗೆ, ಅತಿಬಲದಿಂದ ಅದು ಕಂಗೆಟ್ಟು ಇದ್ದ ಚಿತ್ರವನ್ನೂ ಕಳೆಯಬಲ್ಲದು.

ಬೆಂಗಳೂರಿನ ಓದುಗರಿಗೆ ಇದೆಲ್ಲ ದೂರದ ಕತೆಯೆನಿಸೀತು, ಅದು ಸರಿಯೂ ಹೌದು. ನಮ್ಮಲ್ಲಿ ನೆಲದ ಗೋಪುರಗಳಿಂದ ಟೆಲಿವಿಷನ್ ಪ್ರಸಾರ ಮಾಡುವ ಅಧಿಕಾರ ದೂರದರ್ಶನವೊಂದಕ್ಕೇ ಮೀಸಲಾಗಿ, ಖಾಸಗಿ ವಾಹಿನಿಗಳೆಲ್ಲ ಉಪಗ್ರಹ ಮತ್ತು ಕೇಬಲ್ಲುಗಳ ದಾರಿ ಹಿಡಿದುವು. 2016ರಲ್ಲಿ ಬೆಂಗಳೂರೂ ಸೇರಿದಂತೆ 16 ನಗರಗಳಲ್ಲಿ ದೂರದರ್ಶನವು ಡಿಜಿಟಲ್ ನೆಲಪ್ರಸಾರವನ್ನು ಆರಂಭಿಸಿತಾದರೂ ಅದಕ್ಕೆ ತಕ್ಕ ಟಿ.ವಿ.ಗಳೂ ನೋಡುವವರೂ ಕೂಡಿಬರಲಿಲ್ಲ. 2022ರ ಹೊತ್ತಿಗೆ ಹಳೆಯ ಅನಲಾಗ್ ಪ್ರಸಾರಕಗಳಲ್ಲಿ ಬಹುಪಾಲನ್ನು ಮುಚ್ಚಿಯಾಯಿತು. ಇಂದು ಚಂದಾ ಇಲ್ಲದೆ ನೋಡಬೇಕಾದರೆ ಇರುವುದು ಡಿ.ಡಿ. ಫ್ರೀ ಡಿಶ್. ಅದರ ಜಿಸ್ಯಾಟ್-15 ಉಪಗ್ರಹವು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ, ಸಮಭಾಜಕವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಅದರ ತರಂಗಾಂತರ ಎರಡೂವರೆ ಸೆಂಟಿಮೀಟರಿಗೆ ತುಸು ಹೆಚ್ಚು. ಇಷ್ಟು ಕಿರಿದಾದ ತರಂಗವನ್ನು ಗೋಡೆಯಿರಲಿ, ಜೋರು ಮಳೆಯ ಹನಿಗಳೇ ತಡೆದುಬಿಡುತ್ತವೆ. ಅರ್ಧ ಮೀಟರಿನ ಅಲೆಗಾದರೆ ಮಳೆ ಲೆಕ್ಕಕ್ಕೇ ಇಲ್ಲ. ಅಷ್ಟು ದೂರದಿಂದ ಬಂದ ಕ್ಷೀಣ ಬಲವನ್ನು ಬೋಗುಣಿಯಲ್ಲಿ ಕೂಡಿಸಿಕೊಳ್ಳದೆ ಬೇರೆ ಉಪಾಯವೂ ಇಲ್ಲ. ಆದ್ದರಿಂದ ಕೋಣೆಯೊಳಗೆ ಗೇಣಗಲ ಸರಿಸಿ ನೋಡುವ ಸೌಲಭ್ಯ ನಮಗೆ ಒದಗಿಲ್ಲ. ಕರ್ನಾಟಕದ ಬೋಗುಣಿಗಳು ಮಾಳಿಗೆಯ ಮೇಲೇ ನಿಂತು, ಬಯಲಿಗೆ ಮುಖವೊಡ್ಡಿ, ಆಗ್ನೇಯದ ಆಕಾಶವನ್ನು ನೋಡುತ್ತಿರಬೇಕು.